ಇಕ್ಕಟ್ಟಾದ ದಾರಿ: ನಾನು ಅನುಸರಿಸುವ ಕ್ರಮ

ಇಕ್ಕಟ್ಟಾದ ಬಾಗಿಲಿನಿಂದ ಒಳಗೆ ಹೋಗಿರಿ ಎಂದು ಬೈಬಲಿನಲ್ಲಿ ಯೇಸು ಹೇಳಿದ ಮಾತು ಕೇಳಿದೊಡನೆ ಉಪವಾಸ, ರಾತ್ರಿಯಿಡೀ ಪ್ರಾರ್ಥನೆ ಇವೇ ನೆನಪಿಗೆ ಬರುತ್ತವೆ. ಆ ಮಾತಿರುವ ಮತ್ತಾಯ 7:13ರಿಂದ ಒಂದು ವಚನ ಹಿಂದೆ ಹೋಗಿ ನೋಡಿ. ಜನರು ನಿಮಗೆ ಏನು ಮಾಡಬೇಕೆಂದು ಬಯಸುತ್ತೀರೋ ಅದನ್ನೇ ಅವರಿಗೆ ಮಾಡಿರಿ ಎಂಬ ಮಾತು ಅಲ್ಲಿದೆ. ಹಸಿವನ್ನು ಹೇಗೋ ತಡೆದುಕೊಳ್ಳಬಹುದು. ನಾವು ಯಾರಿಗೆ ಮೋಸ ಮಾಡಿದೆವೋ ಅವರ ಮನೆಗೆ ಹಣ ಹಿಡಿದು ಹೋಗುವುದು ಕಷ್ಟ. ಹಾಗಾಗಿ ನಾನು ಶುರುಮಾಡುವುದೇ ಅಲ್ಲಿಂದ.

ಮೊದಲು ಒಂದು ಪಟ್ಟಿ. ಯಾರಿಗೆ ಕೊಡುವುದು ಬಾಕಿ ಇದೆ, ಯಾರ ಬಗ್ಗೆ ಸುಳ್ಳು ಹೇಳಿದ್ದೇನೆ, ಯಾರ ಜೊತೆ ಮಾತು ಬಿಟ್ಟಿದ್ದೇನೆ, ಎಲ್ಲವೂ ಹೆಸರು ಸಮೇತ. ‘ನಾನು ಪಾಪಿ’ ಎಂಬ ಒಟ್ಟಾರೆ ಅರಿಕೆ ಸಲೀಸು, ಅದರಿಂದ ಯಾರಿಗೂ ಬಿಡಿಗಾಸು ವಾಪಸಾಗುವುದಿಲ್ಲ. ಹಣಕ್ಕೆ ನಾನು ಇಟ್ಟುಕೊಂಡ ಅಳತೆ ಯಾಜಕಕಾಂಡ 6:5ರದು: ಅಸಲಿನ ಜೊತೆ ಅದರ ಐದನೆಯ ಒಂದು ಪಾಲು, ಅಂದರೆ ಸಾವಿರಕ್ಕೆ ಇನ್ನೂರು ಹೆಚ್ಚು. ಸುಂಕ ವಸೂಲಿಗಾರರ ಮುಖ್ಯಸ್ಥ ಜಕ್ಕಾಯ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದ (ಲೂಕ 19:8). ಆದರೆ ಯೇಸು ಅವನ ಮನೆಯಲ್ಲಿ ಇಳಿದುಕೊಳ್ಳುತ್ತೇನೆಂದದ್ದು ಮೊದಲು, ಅವನು ಆ ಮಾತಾಡಿದ್ದು ಆಮೇಲೆ. ಈ ಕ್ರಮ ತಲೆಕೆಳಗಾದರೆ ಪಟ್ಟಿಯೇ ರಕ್ಷಣೆಯ, ಅಂದರೆ ಪಾಪದಿಂದ ಬಿಡುಗಡೆಯ, ಬೆಲೆಯಾಗಿಬಿಡುತ್ತದೆ. ಎಫೆಸ 2:8–10ನ್ನು ಪೂರ್ತಿ ಓದಬೇಕು: ರಕ್ಷಣೆ ಕೃಪೆಯಿಂದ, ಸತ್ಕ್ರಿಯೆ ಅದರ ನಂತರ. ಹಣ ಪಡೆಯಬೇಕಾದವರು ತೀರಿಹೋಗಿದ್ದರೆ ಅವರ ಹತ್ತಿರದ ಸಂಬಂಧಿಕರಿಗೆ ಕೊಡುತ್ತೇನೆ.

ಕ್ಷಮೆ ಕೇಳುವಾಗ ಮಾತು ಕಡಿಮೆ ಇರಲಿ. ‘ನಿಮಗೆ ನೋವಾಗಿದ್ದರೆ’ ಎಂದು ಶುರುಮಾಡಿದರೆ ಕೆಟ್ಟಿತು, ತಪ್ಪೆಲ್ಲ ಕೇಳಿಸಿಕೊಳ್ಳುವವರ ತಲೆಗೇ ಹೋಯಿತು. ಮಾಡಿದ್ದನ್ನು ಒಂದೇ ವಾಕ್ಯದಲ್ಲಿ ಹೇಳುವುದು, ಕಾರಣ ಸೇರಿಸದಿರುವುದು, ಕೂಡಲೇ ಉತ್ತರ ಬೇಕೆಂದು ಕೂರದಿರುವುದು. ನಾವು ಹೇಳುವುದರಿಂದ ಮೂರನೆಯವರಿಗೆ ಪೆಟ್ಟಾಗುವಂತಿದ್ದರೆ ಮೊದಲು ಸಭಾಪಾಲಕರ (ಚರ್ಚಿನ ಪಾಸ್ಟರ್) ಹತ್ತಿರ ಗುಟ್ಟಾಗಿ ಮಾತಾಡುವುದು ಒಳ್ಳೆಯದು.

ತಪ್ಪು ಎದುರಿನವರದಾಗಿದ್ದರೆ ಮತ್ತಾಯ 18:15–17ರ ಕ್ರಮವೇ ಸಾಕು: ಮೊದಲು ಇಬ್ಬರೇ, ಆಮೇಲೆ ಒಬ್ಬಿಬ್ಬರು ಸಾಕ್ಷಿಗಳು, ಕೊನೆಗೆ ಸಭೆ, ಅಂದರೆ ಚರ್ಚಿನ ಜನ. ನಾವು ಮಾಡುವುದು ಇದರ ಉಲ್ಟಾ. ಎಷ್ಟೋ ಚಾಡಿಮಾತು ಪ್ರಾರ್ಥನಾ ವಿಷಯ ಎಂಬ ಹೆಸರಿನಲ್ಲೇ ಊರು ಸುತ್ತುತ್ತದೆ.

ಉಪವಾಸವೂ ಬೇಕು, ಆದರೆ ಲಗಾಮು ಹಾಕಿ. ಆರಂಭದ ಕ್ರೈಸ್ತ ಸಭೆಯ ಬೋಧನಾ ಪುಸ್ತಕ ‘ದಿದಾಖೆ’ ಬುಧವಾರ ಮತ್ತು ಶುಕ್ರವಾರ ಉಪವಾಸ ಮಾಡಲು ಹೇಳುತ್ತದೆ. ನಾನು ಶುಕ್ರವಾರದ ಒಂದು ಊಟ ಬಿಡುತ್ತೇನೆ. ಆ ಹೊತ್ತು ಪ್ರಾರ್ಥನೆಗೆ, ಆ ಊಟದ ಖರ್ಚು ಬಡವರಿಗೆ. ಮನೆಯವರ ಮೇಲೆ ಸಿಡುಕಲು ಶುರುವಾದರೆ ಆ ದಿನ ಉಣ್ಣುವುದೇ ಮೇಲು. ಸಕ್ಕರೆ ಕಾಯಿಲೆ ಇರುವವರು, ಗರ್ಭಿಣಿಯರು ಊಟದ ಬದಲು ಬೇರೇನಾದರೂ ಬಿಡಲಿ.

ಯೇಸುವಿನ ನೆನಪಿಗೆ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ಹಿಂದಿನ ದಿನ ಪಟ್ಟಿಯನ್ನು ಮತ್ತೆ ತೆಗೆಯುತ್ತೇನೆ. ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಬೇಕೆಂದು 1 ಕೊರಿಂಥ 11:28 ಹೇಳುವುದು ಆ ಭೋಜನದ ಬಗ್ಗೆಯೇ. ಹೊಸ ಹೆಸರು ಸೇರಿದ್ದರೆ ಅಂದೇ ಹೋಗುವುದು, ಆಗದಿದ್ದರೆ ಫೋನ್. ಮೆಸೇಜ್ ಮಾತ್ರ ಕಳಿಸುವುದಿಲ್ಲ, ಅದರಲ್ಲಿ ನುಣುಚಿಕೊಳ್ಳುವುದು ತೀರಾ ಸುಲಭ.