ಗ್ರಾಫೀನ್ ಬೆರೆಸಿದ ಸಿಲಿಕೋನ್‌ನಿಂದ ಒತ್ತಡ ಸಂವೇದಕ ತಯಾರಿಸುವ ಕ್ರಮ

ಹುಬ್ಬಳ್ಳಿ-ಧಾರವಾಡದ ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟಿಗೆ ಒತ್ತಡ ಸಂವೇದಕವನ್ನು ಆರಿಸಿಕೊಳ್ಳುವ ವಿದ್ಯಾರ್ಥಿಗಳು ಮೊದಲು ಅರಿಯಬೇಕಾದದ್ದು, ಗ್ರಾಫೀನ್ (ಒಂದೇ ಪರಮಾಣುವಿನಷ್ಟು ತೆಳುವಾದ ಇಂಗಾಲದ ಹಾಳೆ) ಹೆಚ್ಚು ಹಾಕಿದಷ್ಟೂ ಸಂವೇದನೆ ಹೆಚ್ಚುವುದಿಲ್ಲ ಎಂಬುದನ್ನು. ಸಿಲಿಕೋನ್ ವಿದ್ಯುತ್ತನ್ನು ಹರಿಯಗೊಡದು. ಅದರೊಳಗಿನ ಗ್ರಾಫೀನ್ ಹಾಳೆಗಳು ಒಂದಕ್ಕೊಂದು ತಾಗುವಷ್ಟು ಸೇರಿದಾಗ ಮಾತ್ರ ಹಾದಿ ತೆರೆಯುತ್ತದೆ. ಹಾದಿ ಆಗತಾನೇ ತೆರೆದ ಆ ಹಂತದಲ್ಲಿ ಸಣ್ಣ ಒತ್ತಡವೂ ವಿದ್ಯುತ್ತಿನ ಹರಿವಿಗಿರುವ ತಡೆಯನ್ನು, ಅಂದರೆ ರೋಧವನ್ನು, ಬಹಳವಾಗಿ ಬದಲಿಸುತ್ತದೆ. 2016ರಲ್ಲಿ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಜೊನಾಥನ್ ಕೋಲ್ಮನ್ ಅವರ ತಂಡವು ಮಕ್ಕಳು ಆಡುವ ಮೆತ್ತನೆಯ ಸಿಲಿಕೋನ್ ಮುದ್ದೆಗೆ ಗ್ರಾಫೀನ್ ಬೆರೆಸಿ 500ಕ್ಕೂ ಮೀರಿದ ಗೇಜ್ ಫ್ಯಾಕ್ಟರ್ (ಹಿಗ್ಗು-ಕುಗ್ಗಿನ ಪ್ರಮಾಣಕ್ಕೆ ಹೋಲಿಸಿದರೆ ರೋಧ ಎಷ್ಟು ಪಟ್ಟು ಬದಲಾಗುತ್ತದೆ ಎಂಬ ಅಳತೆ) ಪಡೆಯಿತು. ಲೋಹದ ಹಾಳೆಯ ಸಾಮಾನ್ಯ ಗೇಜಿನಲ್ಲಿ ಅದು ಸುಮಾರು 2.

ಆದ್ದರಿಂದ ಒಂದೇ ಮಿಶ್ರಣವನ್ನು ನಂಬದೆ, ತೂಕದಲ್ಲಿ ಶೇ. 2, 4, 6, 8ರಷ್ಟು ಗ್ರಾಫೀನ್ ಇರುವ ನಾಲ್ಕು ಬಿಲ್ಲೆಗಳನ್ನು ಮಾಡಿರಿ. ಪುಡಿ ಬಹಳ ನವುರಾದ್ದರಿಂದ ಮಾಸ್ಕ್ ಧರಿಸಿ, ಅದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಹಾಕಿ ಅಲ್ಟ್ರಾಸೋನಿಕ್ ತೊಟ್ಟಿಯಲ್ಲಿ ಒಂದು ಗಂಟೆ ಇಡಿರಿ. ಬಳಿಕ ಪಿಡಿಎಂಎಸ್ ಎಂಬ ಬಗೆಯ ಸಿಲಿಕೋನ್‌ನ ಮೂಲ ದ್ರವಕ್ಕೆ ಬೆರೆಸಿ, ಬೆಂಕಿಯ ಜ್ವಾಲೆ ಹತ್ತಿರವಿಲ್ಲದಂತೆ ನೋಡಿಕೊಂಡು, ಹಾಟ್‌ಪ್ಲೇಟಿನ ಮೇಲೆ ಕಲಕುತ್ತ ಆಲ್ಕೊಹಾಲನ್ನು ಪೂರ್ತಿ ಆರಿಸಬೇಕು; ಸ್ವಲ್ಪ ಉಳಿದರೂ ಬಿಲ್ಲೆಯಲ್ಲಿ ಗುಳ್ಳೆಗಳೇಳುತ್ತವೆ. ತಣಿದ ಮೇಲೆ 10 ಭಾಗ ಮೂಲ ದ್ರವಕ್ಕೆ 1 ಭಾಗ ಗಟ್ಟಿಕಾರಕ ಸೇರಿಸಿ ಅಚ್ಚಿಗೆ ಹೊಯ್ದು, 70 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ಗಂಟೆ ಇಡಿರಿ. ಲೇಟೆಕ್ಸ್ ಕೈಗವಸು ಬಳಸಬೇಡಿರಿ, ಅದರೊಳಗಿನ ಗಂಧಕವು ಸಿಲಿಕೋನ್ ಗಟ್ಟಿಯಾಗುವುದನ್ನು ತಡೆಯುತ್ತದೆ, ನೈಟ್ರೈಲ್ ಒಳ್ಳೆಯದು.

ತಾಮ್ರದ ಜಾಳಿಗೆಯ ಎರಡು ತುಂಡುಗಳನ್ನು ದ್ರವವು ಗಟ್ಟಿಯಾಗುವ ಮೊದಲೇ ಅದರೊಳಗೆ ಅದುಮಿಡಿರಿ. ಗಟ್ಟಿಯಾದ ಬಿಲ್ಲೆಯ ಮೇಲೆ ಟೇಪು ಅಂಟಿಸಿದರೆ ಅಳತೆಗೆ ಸಿಗುವುದು ಬಿಲ್ಲೆಯ ವರ್ತನೆಯಲ್ಲ, ಸಡಿಲ ಸಂಪರ್ಕದ ವರ್ತನೆ. ನನ್ನ ಮೊದಲ ಬಿಲ್ಲೆಗಳೆಲ್ಲ ಹೀಗೆಯೇ ಕೆಟ್ಟವು.

ನಾಲ್ಕರಲ್ಲಿ ಯಾವುದರ ರೋಧ ಮೆಗಾಓಮ್‌ಗಳಿಂದ ಒಮ್ಮೆಲೇ ಇಳಿದಿದೆಯೋ ಅದನ್ನೇ ಆರಿಸಿರಿ. ಅದರ ರೋಧಕ್ಕೆ ಸಮನಾದ ರೆಸಿಸ್ಟರನ್ನು ಸರಣಿಯಲ್ಲಿ ಜೋಡಿಸಿ, ನಡುವಿನ ವೋಲ್ಟೇಜನ್ನು ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನಿಂದ ಓದಿರಿ. ಬಿಲ್ಲೆಯನ್ನು ನೂರು ಸಲ ಒತ್ತಿಬಿಟ್ಟು ಪಳಗಿಸಿದ ನಂತರವೇ, ಕಿರಾಣಿ ಅಂಗಡಿಯ 50, 100, 200, 500 ಗ್ರಾಂ ತೂಕದ ಕಲ್ಲುಗಳನ್ನು ಏರಿಕೆಯಲ್ಲಿಯೂ ಇಳಿಕೆಯಲ್ಲಿಯೂ ಇಟ್ಟು, ಪ್ರತಿ ಸಲ 30 ಸೆಕೆಂಡು ಕಾದು ಬರೆದುಕೊಳ್ಳಿರಿ. ಏರಿಕೆ, ಇಳಿಕೆಯ ಅಂಕಿಗಳಿಂದ ಗ್ರಾಫಿನಲ್ಲಿ ಎಳೆದ ಎರಡು ಗೆರೆಗಳು ಒಂದಾಗುವುದಿಲ್ಲ, ಆ ಅಂತರವನ್ನು ವರದಿಯಲ್ಲಿ ಮುಚ್ಚಿಡದೆ ತೋರಿಸಬೇಕು. ಉಷ್ಣತೆಯೂ ರೋಧವನ್ನು ಬದಲಿಸುವುದರಿಂದ, ಧಾರವಾಡದ ಜಿಟಿಜಿಟಿ ಮಳೆಯ ದಿನ ಎಳೆದ ಗೆರೆಯನ್ನು ಏಪ್ರಿಲ್ ಬಿಸಿಲಿನ ಅಳತೆಗೆ ಹಚ್ಚದೆ, ಕೋಣೆಯ ಉಷ್ಣತೆಯನ್ನು ಪ್ರತಿ ಅಂಕಿಯ ಪಕ್ಕದಲ್ಲಿಯೇ ಬರೆದಿಡಿರಿ.