ಯೋಬನ ಬಗ್ಗೆ ಬರೆದೆ, ವಾರ್ಡಿನಲ್ಲಿ ಎಲೀಫಜನಾದೆ

40 ದಾಟಿದ ಮೇಲೆ ನಾನು ದೈವಶಾಸ್ತ್ರ ಮತ್ತು ಪಾಲನಾ ಸೇವೆಯ (ಭಕ್ತರ, ರೋಗಿಗಳ ಆಧ್ಯಾತ್ಮಿಕ ಆರೈಕೆಯ) ಎಂ.ಎ.ಗೆ ಸೇರಿದೆ. ಕಂಡವರೆಲ್ಲ "ಏನು, ಗುರುಗಳಾಗ್ತೀರಾ?" ಎಂದೇ ಕೇಳುತ್ತಿದ್ದರು. ಗುರುಗಳು ಅಂದರೆ ಕಥೋಲಿಕ ಪಾದ್ರಿಗಳು, ಸಾಮಾನ್ಯವಾಗಿ ಮದುವೆಯಾಗದವರು. ಆದರೂ ಈ ಪ್ರಶ್ನೆ, ಹೆಂಡತಿ ಪಕ್ಕದಲ್ಲಿ ನಿಂತಿದ್ದಾಗಲೂ! ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯ 229ನೇ ನಿಯಮ ಗುರುಗಳಲ್ಲದ ಶ್ರೀಸಾಮಾನ್ಯರಿಗೂ ದೈವಶಾಸ್ತ್ರದಲ್ಲಿ ಪದವಿ ಓದುವ ಹಕ್ಕು ಕೊಟ್ಟಿದೆ. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಮೊದಲ ವರ್ಷ ಬರೀ ಓದು. 13ನೇ ಶತಮಾನದ ದೈವಶಾಸ್ತ್ರಜ್ಞ ಥಾಮಸ್ ಅಕ್ವಿನಾಸರ ದೊಡ್ಡ ಗ್ರಂಥ 'ಸುಮ್ಮಾ' ಕೈಗೆ ಬಂದಾಗ ತಲೆ ಕೆಟ್ಟುಹೋಯಿತು. ಅವರು ಮೊದಲು ಎದುರಾಳಿಯ ವಾದಗಳನ್ನೇ ಸಾಲಾಗಿ ಇಡುತ್ತಾರೆ. ಅದು ಗೊತ್ತಿಲ್ಲದೆ ನಾನು ಅವನ್ನೇ ಅಕ್ವಿನಾಸರ ಅಭಿಪ್ರಾಯ ಅಂದುಕೊಂಡು ಅಡಿಗೆರೆ ಹಾಕಿಬಿಟ್ಟಿದ್ದೆ. ಆಮೇಲೆ ಒಂದು ದಾರಿ ಕಂಡುಕೊಂಡೆ. "ನಾನು ಹೇಳುವುದೇನೆಂದರೆ" ಎಂದು ಶುರುವಾಗುವ ಭಾಗವನ್ನು ಮೊದಲು ಓದುವುದು, ನಂತರ ಹಿಂದಕ್ಕೆ ಹೋಗುವುದು. ದ್ವಿತೀಯ ವ್ಯಾಟಿಕನ್ ಮಹಾಸಭೆಯ (1962–65ರಲ್ಲಿ ನಡೆದ ಕಥೋಲಿಕ ಬಿಷಪ್‌ಗಳ ಸಭೆ) 16 ದಾಖಲೆಗಳು ಇದಕ್ಕಿಂತ ಸಲೀಸು. ಬೈಬಲ್ಲಿನ ಯಾವ ಪುಸ್ತಕ ಯಾವ ಬಗೆಯ ಬರವಣಿಗೆ ಎಂದು ನೋಡಿ ಓದಬೇಕು ಅಂತ ಅವುಗಳಲ್ಲೊಂದಾದ 1965ರ 'ದೇಯಿ ವೆರ್ಬುಮ್' ಹೇಳುತ್ತದೆ. ಅದನ್ನು ಓದಿದ ಮೇಲೆ ಬೈಬಲ್ಲಿನ ಯೋಬನ ಗ್ರಂಥ ನನಗೆ ಹೊಸದಾಗಿ ಕಂಡಿತು.

ಆ ಗ್ರಂಥದ ಮೇಲೆಯೇ ಪ್ರಬಂಧ ಬರೆದೆ. ತಪ್ಪು ಮಾಡದೆಯೂ ಮಕ್ಕಳು, ಆಸ್ತಿ, ಆರೋಗ್ಯ ಕಳೆದುಕೊಂಡವನು ಯೋಬ. ಅವನ ಮೂವರು ಗೆಳೆಯರು ಬಂದು 7 ದಿನ, 7 ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು, ಒಂದು ಮಾತೂ ಆಡಲಿಲ್ಲ. ಆಮೇಲೆ ಬಾಯಿ ತೆರೆದರು, ನಿನ್ನ ಪಾಪದಿಂದಲೇ ಈ ಕಷ್ಟ ಅಂದರು, ಕೆಟ್ಟರು. ಕೊನೆಯ ಅಧ್ಯಾಯದಲ್ಲಿ ದೇವರು ಆ ಗೆಳೆಯರಲ್ಲೊಬ್ಬನಾದ ಎಲೀಫಜನಿಗೆ ಬೈಯುತ್ತಾರೆ: ನೀವು ನನ್ನ ಬಗ್ಗೆ ಸರಿಯಾಗಿ ಮಾತಾಡಲಿಲ್ಲ, ಯೋಬ ಮಾತಾಡಿದ. ಇದನ್ನೆಲ್ಲ ಚೆನ್ನಾಗಿಯೇ ವಿವರಿಸಿದ್ದೆ. ಒಳ್ಳೆ ಅಂಕವೂ ಬಂತು.

ಎರಡನೇ ವರ್ಷ ಆಸ್ಪತ್ರೆಯಲ್ಲಿ ತರಬೇತಿ. ರೋಗಿಯ ಜೊತೆ ಮಾತಾಡಿ ಬಂದ ಮೇಲೆ ಆ ಮಾತುಕತೆಯನ್ನು ನೆನಪಿನಿಂದ ಹಾಗೇ ಬರೆಯಬೇಕು. ಅವರು ಅಂದದ್ದು, ನಾನು ಅಂದದ್ದು, ನಡುವಿನ ಮೌನ, ಆಗ ನನ್ನೊಳಗೆ ಏನಾಯಿತು ಎಲ್ಲವೂ ಇರಬೇಕು. ಇದಕ್ಕೆ 'ವರ್ಬೇಟಿಮ್' ಅನ್ನುತ್ತಾರೆ. ಅದನ್ನು ಗುಂಪಿನ ಮುಂದೆ ಓದಬೇಕು. ಯಾವ ಪರೀಕ್ಷೆಗೂ ನಾನು ಇಷ್ಟು ಹೆದರಿರಲಿಲ್ಲ.

ವಯಸ್ಸಾದ ಒಬ್ಬ ರೋಗಿಯ ಜೊತೆ ಆಡಿದ ಮಾತಿನ ನನ್ನ ಮೊದಲ ವರ್ಬೇಟಿಮ್ ಹೀಗಿತ್ತು:

ಅಜ್ಜ: ದೇವರು ನನ್ನನ್ನ ಮರೆತುಬಿಟ್ಟಿದ್ದಾನಪ್ಪಾ.
ನಾನು: ಹಾಗನ್ನಬೇಡಿ ಅಜ್ಜಾ. ದೇವರು ಯಾರನ್ನೂ ಮರೆಯಲ್ಲ.
ಅಜ್ಜ: (ಕಿಟಕಿ ಕಡೆ ತಿರುಗಿದರು.)
ನಾನು: ಒಂದು ಪ್ರಾರ್ಥನೆ ಮಾಡೋಣ್ವಾ?

ನಾನು ಓದಿ ಮುಗಿಸಿದಾಗ ಮಾರ್ಗದರ್ಶಕಿ ಸಿಸ್ಟರ್ ಒಂದೇ ಪ್ರಶ್ನೆ ಕೇಳಿದರು. "ಆ ಪ್ರಾರ್ಥನೆ ಯಾರಿಗೆ ಬೇಕಿತ್ತು?" ಉತ್ತರ ಹೊಳೆಯಲು ಒಂದು ನಿಮಿಷವೂ ಬೇಕಾಗಲಿಲ್ಲ. ಅಜ್ಜನ ಮಾತಿಗೆ ನನಗೇ ಭಯವಾಗಿತ್ತು. ಪ್ರಾರ್ಥನೆ ಮಾಡಿ ಅಲ್ಲಿಂದ ಎದ್ದು ಬರುವ ಅವಸರ ನನ್ನದು. ಯೋಬನ ಮೇಲೆ ಇಪ್ಪತ್ತು ಪುಟ ಬರೆದವನು ವಾರ್ಡಿನಲ್ಲಿ ಎಲೀಫಜನೇ ಆಗಿದ್ದೆ. ಅವನಾದರೂ 7 ದಿನ ತಡೆದುಕೊಂಡ, ನಾನು 7 ಸೆಕೆಂಡೂ ತಡೆಯಲಿಲ್ಲ.

ಮುಂದಿನ ವಾರ ಸುಮ್ನೆ ಕುರ್ಚಿ ಎಳೆದುಕೊಂಡು ಕೂತೆ. ತುಂಬಾ ಹೊತ್ತಾದ ಮೇಲೆ ಅಜ್ಜ ಮತ್ತೆ ಅದೇ ಮಾತು ಅಂದರು. "ಯಾವಾಗಿಂದ ಹಾಗನ್ನಿಸ್ತಿದೆ ಅಜ್ಜಾ?" ಎಂದಷ್ಟೇ ಕೇಳಿದೆ. ಸತ್ತ ಮಗಳ ಕಥೆ ಬಂತು. ಕೊನೆಗೆ ಬೈಬಲ್ಲಿನ 88ನೇ ಕೀರ್ತನೆ ಓದಿದೆ. ಕತ್ತಲೆಯಲ್ಲೇ ಮುಗಿಯುವ ಕೀರ್ತನೆ ಅದು, ಸಮಾಧಾನದ ಒಂದು ಸಾಲೂ ಕೊನೆಯಲ್ಲಿಲ್ಲ. "ಇದೂ ಬೈಬಲ್ನಲ್ಲಿದೆಯಾ?" ಎಂದು ಅಜ್ಜ ಕಣ್ಣರಳಿಸಿದರು. ಇನ್ನೊಂದು ಸಲ ಓದಿಸಿಕೊಂಡರು.

ಆಮೇಲೆ ಅವರೇ ಪಾಪನಿವೇದನೆ ಮಾಡಬೇಕು, ಅಂದರೆ ತಪ್ಪುಗಳನ್ನು ಹೇಳಿಕೊಂಡು ಕ್ಷಮೆ ಪಡೆಯಬೇಕು ಎಂದರು. ಅದು ನನ್ನ ಕೈಯಲ್ಲಿಲ್ಲ, ರೋಗಿಗೆ ಪವಿತ್ರ ಎಣ್ಣೆ ಹಚ್ಚಿ ಪ್ರಾರ್ಥಿಸುವ 'ರೋಗಿಗಳ ಅಭ್ಯಂಗ'ವೂ ಅಷ್ಟೇ. ಎರಡಕ್ಕೂ ಗುರುಗಳೇ ಬರಬೇಕು. ಪರಮಪ್ರಸಾದ (ಪೂಜೆಯಲ್ಲಿ ಪವಿತ್ರಗೊಂಡ ರೊಟ್ಟಿ) ತಂದುಕೊಡಲು ಮಾತ್ರ ನನಗೆ ಅನುಮತಿ ಇತ್ತು. ಈ ಗೆರೆ ಮೊದಲು ನನಗೆ ಸ್ವಲ್ಪ ಚುಚ್ಚುತ್ತಿತ್ತು, ಸುಳ್ಳೇಕೆ ಹೇಳಲಿ. ಅವತ್ತು ಚುಚ್ಚಲಿಲ್ಲ. ಗುರುಗಳಿಗೆ ಫೋನ್ ಮಾಡಿದೆ. ಪಾಪನಿವೇದನೆ ಮುಗಿಯುವವರೆಗೆ ಹೊರಗೆ ಕಾರಿಡಾರಿನಲ್ಲಿ ಕಾದೆ. ಅಭ್ಯಂಗಕ್ಕೆ ಒಳಗೆ ಕರೆದರು. ಅಜ್ಜನ ಕಾಲ ಬಳಿ ನಿಂತು "ಆಮೆನ್" ಎಂದೆ.