ಸೆಷನ್‌ನಲ್ಲಿ ನನಗೆ ಬರುವ ಸಿಟ್ಟು, ಕನಿಕರ: ನಾನು ಅದನ್ನು ನಿಭಾಯಿಸುವ ರೀತಿ

ಮುಂಬೈಯಲ್ಲಿ ನನ್ನಂತೆ ಕನ್ನಡ ಮಾತಾಡುವ ಥೆರಪಿಸ್ಟ್ (ಮನೋಚಿಕಿತ್ಸಕಿ) ಸಿಕ್ಕರೆ ಬಂದವರಿಗೆ ಅರ್ಧ ಭಾರ ಇಳಿದಂತಾಗುತ್ತದೆ. ಡೊಂಬಿವಲಿಯಿಂದಲೋ ಮಾಟುಂಗದಿಂದಲೋ ಬಂದವರು ಎರಡು ಮೂರು ಸೆಷನ್ ಆಗುವಷ್ಟರಲ್ಲಿ ‘ಮೇಡಂ’ ಬಿಟ್ಟು ‘ಅಕ್ಕಾ’ ಅನ್ನತೊಡಗುತ್ತಾರೆ. ಆ ಸಲುಗೆಯಿಂದ ಮಾತು ಬೇಗ ಬಿಚ್ಚಿಕೊಳ್ಳುತ್ತದೆ. ಆದರೆ ನನ್ನೊಳಗೂ ಒಬ್ಬ ಅಕ್ಕ ಎದ್ದು ಕೂರುತ್ತಾಳೆ. ಬುದ್ಧಿ ಹೇಳೋಣ, ಫೀಸು ಇಳಿಸೋಣ, ಇನ್ನೂ ಹತ್ತು ನಿಮಿಷ ಕೂರಿಸೋಣ ಅನ್ನಿಸುತ್ತದೆ. ನನ್ನ ಮಟ್ಟಿಗೆ ಸಿಟ್ಟಿಗಿಂತ ಈ ಕನಿಕರದ ಮೇಲೆಯೇ ಹೆಚ್ಚು ಕಣ್ಣಿಡಬೇಕು. ಸಿಟ್ಟು ಬಂದರೆ ತಕ್ಷಣ ಗೊತ್ತಾಗುತ್ತದೆ, ಕನಿಕರವನ್ನು ಯಾರೂ ಅನುಮಾನಿಸುವುದಿಲ್ಲ.

ಥೆರಪಿಸ್ಟ್‌ನೊಳಗೆ ಏಳುವ ಈ ಭಾವನೆಗಳಿಗೆ ಕೌಂಟರ್‌ಟ್ರಾನ್ಸ್‌ಫರೆನ್ಸ್ ಅನ್ನುತ್ತೇವೆ. 1910ರಲ್ಲಿ ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ ಇದನ್ನು ಗುರುತಿಸಿ ಮೀರಬೇಕಾದ ತೊಡಕು ಎಂದರು. 1950ರಲ್ಲಿ ಮನೋವಿಶ್ಲೇಷಕಿ ಪೌಲಾ ಹೈಮನ್, ರೋಗಿಯನ್ನು ಅರಿಯಲು ಇದೇ ಒಂದು ಸಾಧನ ಎಂದು ವಾದಿಸಿದರು. ನನಗೆ ಎರಡೂ ಬೇಕು. ಮೊದಲು ಭಾವನೆ ಯಾರದೆಂದು ನೋಡುತ್ತೇನೆ. ಬೆಳಗಿನಿಂದ ಬಂದವರೆಲ್ಲರ ಮುಂದೆಯೂ ಆಕಳಿಕೆ ಬಂದರೆ ಅದು ನನ್ನ ದಣಿವು. ಒಬ್ಬರ ಮುಂದೆ ಮಾತ್ರ ಬಂದರೆ, ಅವರ ಗಂಡನೋ ಆಫೀಸಿನವರೋ ಅವರ ಮಾತಿಗೆ ಕಿವಿಗೊಡುವುದಿಲ್ಲವೆಂದು ಅವರೇ ಹೇಳಿದ್ದರೆ, ಅವರ ಮುಂದೆ ಬೇರೆಯವರಿಗೂ ಹೀಗೇ ಆಗುತ್ತಿರಬಹುದೆಂಬ ಸುಳಿವು ಅಲ್ಲಿದೆ. ಆದರೂ ಅವರನ್ನು ಕೇಳಿ ಖಚಿತವಾಗುವವರೆಗೆ ಅದು ಊಹೆಯೇ.

ಸೆಷನ್ 50 ನಿಮಿಷ, ಮುಂದಿನವರು ಬರುವ ಮೊದಲು 10 ನಿಮಿಷ ಖಾಲಿ. ಆ ಬಿಡುವಿನಲ್ಲಿ ಫೋನ್ ಮುಟ್ಟುವುದಿಲ್ಲ. ಕೇಸ್ ಫೈಲ್ ಅಲ್ಲದ ಬೇರೊಂದು ಪುಸ್ತಕದಲ್ಲಿ, ಹೆಸರು ಗುರುತು ಇಲ್ಲದೆ, ಮೂರು ಸಾಲು ಬರೆಯುತ್ತೇನೆ: ಮೈಯಲ್ಲಿ ಏನಾಯಿತು (ಭುಜ ಬಿಗಿದಿದ್ದು, ಹೊಟ್ಟೆ ಹಿಂಡಿದ್ದು), ಅವರ ಯಾವ ಮಾತಿಗೆ ಆಯಿತು, ಆಗ ನನಗೆ ಏನು ಮಾಡಬೇಕೆನಿಸಿತು. ಮೂರನೆಯ ಸಾಲೇ ಮುಖ್ಯ. ಒಬ್ಬರಿಗಷ್ಟೇ ಸಮಯ ಮೀರುವುದು, ಅವರ ವಾಟ್ಸಾಪ್‌ಗೆ ರಾತ್ರಿ ಹನ್ನೊಂದಕ್ಕೂ ಉತ್ತರಿಸಬೇಕೆನ್ನಿಸುವುದು, ಅವರು ಬರುವುದಿಲ್ಲ ಎಂದಾಗ ಹಾಯೆನಿಸುವುದು, ಇವೆಲ್ಲ ಅಲ್ಲಿ ಎದ್ದು ಕಾಣುತ್ತವೆ.

ಸೆಷನ್ ನಡೆಯುತ್ತಿರುವಾಗ ಸಲಹೆ ನಾಲಿಗೆ ತುದಿಗೆ ಬಂದರೆ ಪಾದ ನೆಲಕ್ಕೂರಿ ಎರಡು ಉಸಿರು ನಿಧಾನಕ್ಕೆ ಬಿಟ್ಟು, ಸಲಹೆಯ ಬದಲು ಒಂದು ಪ್ರಶ್ನೆ ಕೇಳುತ್ತೇನೆ.

ಒಂದು ಉದಾಹರಣೆ. ಒಬ್ಬರು ಸತತ ಮೂರನೇ ಸಲ ಇಪ್ಪತ್ತು ನಿಮಿಷ ತಡ. ‘ಲೋಕಲ್ ಲೇಟು ಅಕ್ಕಾ.’ ಸೆಂಟ್ರಲ್ ಲೈನಿನಲ್ಲಿ ಅದು ನಿಜವೂ ಇರಬಹುದು. ‘ಪರವಾಗಿಲ್ಲ ಬಿಡಿ’ ಎಂದು ಬಿಗಿದ ಮುಖದಲ್ಲಿ ಹೇಳಿದರೆ ಅವರಿಗೆ ಮುಖವೇ ಕೇಳಿಸುತ್ತದೆ, ಮಾತಲ್ಲ. ನಾನು ಹೇಳುವುದು ಹೀಗೆ: ‘ಇವತ್ತು ನಮಗೆ ಅರ್ಧ ಗಂಟೆಯಷ್ಟೇ ಉಳಿದಿದೆ. ಅಪ್ಪನ ವಿಷಯ ಎತ್ತಿದ ಮೇಲೆ ಇಲ್ಲಿಗೆ ಬರೋದು ಕಷ್ಟ ಆಗ್ತಿದೆಯಾ?’ ಆಮೇಲೆ ಸುಮ್ಮನಿರುತ್ತೇನೆ. ಮೌನ ಎಷ್ಟು ಉದ್ದವಾದರೂ ನಾನಾಗಿ ಅದನ್ನು ತುಂಬುವುದಿಲ್ಲ. ದನಿ ಗಡುಸಾಗಿದ್ದರೆ ಆ ಸೆಷನ್‌ನಲ್ಲೇ ‘ಈಗ ನನ್ನ ಮಾತು ಬಿರುಸಾಯಿತು, ನಿಮಗೆ ಹೇಗನ್ನಿಸಿತು?’ ಎಂದು ಕೇಳಬೇಕು. ಮುಂದಿನ ವಾರಕ್ಕೆ ಬಿಟ್ಟರೆ ಅವರು ಬರದೇ ಹೋಗಬಹುದು.

ಕಣ್ಣು ತುಂಬಿದರೆ ಮರೆಮಾಚುವುದಿಲ್ಲ. ‘ನಿಮ್ಮ ಮಾತು ನನ್ನನ್ನು ತಟ್ಟಿತು’ ಅನ್ನುವಷ್ಟು ಸಾಕು, ಮತ್ತೆ ಅವರ ಮಾತಿಗೇ ಮರಳಬೇಕು. ಅವರೇ ನನ್ನನ್ನು ಸಮಾಧಾನ ಮಾಡಲು ಹೊರಟರೆ ನಾನು ಹೇಳಿದ್ದು ಹೆಚ್ಚಾಯಿತೆಂದೇ ಲೆಕ್ಕ.

ಒಂದೇ ಭಾವನೆ ಪುಸ್ತಕದಲ್ಲಿ ಮತ್ತೆ ಮತ್ತೆ ಕಂಡರೆ ಸೂಪರ್‌ವಿಷನ್‌ಗೆ, ಅಂದರೆ ನನ್ನ ಕೆಲಸವನ್ನು ಇನ್ನೊಬ್ಬ ಅನುಭವಿ ಥೆರಪಿಸ್ಟ್ ಜೊತೆ ಚರ್ಚಿಸುವಲ್ಲಿಗೆ, ಒಯ್ಯುತ್ತೇನೆ. ಇಲ್ಲಿ ಒಂದು ಕಿವಿಮಾತು: ಮುಂಬೈ ಕನ್ನಡಿಗರ ಬಳಗದಲ್ಲಿ ಊರು, ಸಂಘ, ಹೋಟೆಲಿನ ಹೆಸರು ಹೇಳಿದರೆ ಆಳು ಗೊತ್ತಾಗಿಬಿಡುತ್ತದೆ. ಹಾಗಾಗಿ ಸೂಪರ್‌ವೈಸರ್ ಮರಾಠಿಯವರೋ ಗುಜರಾತಿಯವರೋ ಇದ್ದರೆ ಮೇಲು. ಆಗಲೂ ವಿವರ ಬದಲಿಸಿಯೇ ಹೇಳುತ್ತೇನೆ. ಅಲ್ಲಿಯೂ ಕರಗದ ದ್ವೇಷ ಅಥವಾ ಆಕರ್ಷಣೆಯಿದ್ದರೆ, ಇಲ್ಲವೇ ಅವರ ದುಃಖ ನನ್ನ ಹಸಿ ದುಃಖದ ಮೇಲೇ ಬಿದ್ದರೆ, ಬೇರೆಯವರ ಬಳಿ ಕಳಿಸುತ್ತೇನೆ. ಫೋನಿನಲ್ಲಿ ಹೇಳಿ ಮುಗಿಸುವುದಿಲ್ಲ. ಎರಡು ಮೂರು ಸೆಷನ್ ಅದಕ್ಕೆಂದೇ ಇಟ್ಟು, ‘ಇದಕ್ಕೆ ನೀವು ಕಾರಣ ಅಲ್ಲ’ ಎಂದು ಬಿಡಿಸಿ ಹೇಳಿ, ಹೊಸಬರೊಡನೆ ಮೊದಲ ಅಪಾಯಿಂಟ್‌ಮೆಂಟ್ ನಿಗದಿಯಾದ ಮೇಲೆಯೇ ಬೀಳ್ಕೊಡುತ್ತೇನೆ.